ಯೋಗಾಭ್ಯಾಸ ಮತ್ತು ಆರೋಗ್ಯ

ಆರೋಗ್ಯವೇ ಭಾಗ್ಯವೆಂಬ ಮಾತನ್ನು ಕೇಳದವರಿಲ್ಲ. ಆದರೆ ಹುಟ್ಟಿನಿಂದಲೇ ಆ ಭಾಗ್ಯದಿಂದ ವಂಚಿತರಾದವರು ಅದನ್ನು ದುಡಿದು ಸಂಪಾದಿಸಿಕೊಳ್ಳಬಹುದೇ? ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಜನಿಸಿದ ಬಾಲಕನೊಬ್ಬನ ಬಾಳು ಈ ಪ್ರಶ್ನೆಗೆ ಉತ್ತರದಂತಿದೆ. 1918ರಲ್ಲಿ ಇನ್‌ಫ್ಲುಯೆಂಜಾ ಮಹಾಮಾರಿಯು ನಾಡಿನಾದ್ಯಂತ ಹಬ್ಬಿದ್ದಾಗ ಆ ಬಾಲಕನ ತಾಯಿಯೂ ಅದಕ್ಕೆ ತುತ್ತಾಗಿದ್ದರು. ಆ ವರ್ಷದ ಡಿಸೆಂಬರ್ ತಿಂಗಳಿನಲ್ಲಿ ಹುಟ್ಟಿದ ಮಗು ಬಹಳ ದುರ್ಬಲವಾಗಿತ್ತು. ಕೈಕಾಲುಗಳು ಸಣಕಲು, ಹೊಟ್ಟೆ ಉಬ್ಬಿತ್ತು, ತಲೆಯ ಭಾರವನ್ನು ಕತ್ತು ತಾಳದಂತಿತ್ತು. ಬೆಳೆಯುತ್ತ ಮಲೇರಿಯ, ವಿಷಮಶೀತಜ್ವರ, ಕ್ಷಯಗಳು ಒಂದಾದ ಮೇಲೊಂದರಂತೆ ಅವನನ್ನು ಕಾಡಿದವು. ಒಂಬತ್ತನೆಯ ವಯಸ್ಸಿನಲ್ಲಿಯೇ ಅವನು ತಂದೆಯನ್ನು ಕಳೆದುಕೊಂಡನು.

1934ರಲ್ಲಿ, ಹದಿನೈದರ ಹರೆಯದಲ್ಲಿ, ಆ ಬಾಲಕನು ಮೈಸೂರಿನಲ್ಲಿದ್ದ ತನ್ನ ಅಕ್ಕನ ಮನೆಗೆ ಬಂದನು. ಅಕ್ಕನ ಪತಿಯಾದ ತಿರುಮಲೈ ಕೃಷ್ಣಮಾಚಾರ್ಯರು ಯೋಗವಿದ್ಯೆಯಲ್ಲಿ ಪಾರಂಗತರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಅವರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಸುತ್ತಿದ್ದರು. ಮೊದಮೊದಲು ಬಾಲಕನು ನಿಂತು ಮುಂದಕ್ಕೆ ಬಾಗಿದರೆ ಕೈಬೆರಳುಗಳು ಮೊಣಕಾಲಿನಿಂದ ಕೆಳಕ್ಕೆ ಇಳಿಯುತ್ತಲೇ ಇರಲಿಲ್ಲ. ಆದರೂ ಅವನು ಅಭ್ಯಾಸವನ್ನು ಬಿಡಲಿಲ್ಲ. ತಿಂಗಳುಗಳು ಉರುಳಿದಂತೆ ದೇಹಕ್ಕೆ ಬಲ ಬಂದಿತು, ಉಸಿರಾಟ ನೆಟ್ಟಗಾಯಿತು. 1937ರಲ್ಲಿ ಅವನು ಯೋಗವನ್ನು ಕಲಿಸಲು ಪುಣೆಗೆ ತೆರಳಿದನು. ಆ ಬಾಲಕನೇ ಮುಂದೆ ವಿಶ್ವವಿಖ್ಯಾತ ಯೋಗಾಚಾರ್ಯರಾದ ಬಿ. ಕೆ. ಎಸ್. ಅಯ್ಯಂಗಾರ್. ಬಾಲ್ಯದಲ್ಲಿ ಬಹುಕಾಲ ಬದುಕುವುದೇ ಸಂದೇಹವೆನಿಸಿದ್ದ ಅವರು ತೊಂಬತ್ತು ದಾಟಿದ ಮೇಲೂ ನಿತ್ಯಾಭ್ಯಾಸವನ್ನು ನಡೆಸಿ, 2014ರಲ್ಲಿ ತಮ್ಮ ತೊಂಬತ್ತೈದನೆಯ ವಯಸ್ಸಿನಲ್ಲಿ ನಿಧನರಾದರು.

ಒಬ್ಬರ ಬಾಳಿನ ದೃಷ್ಟಾಂತದಿಂದ ಎಲ್ಲರಿಗೂ ಅನ್ವಯಿಸುವ ನಿಯಮವನ್ನು ಮಾಡಲಾಗದು. ದೀರ್ಘಾಯುಷ್ಯಕ್ಕೆ ಕಾರಣಗಳು ಹಲವು. ಆದ್ದರಿಂದ ಯೋಗಾಭ್ಯಾಸವು ದೇಹದ ಮೇಲೆಯೂ ಮನಸ್ಸಿನ ಮೇಲೆಯೂ ಹೇಗೆ ಪರಿಣಾಮವನ್ನು ಉಂಟುಮಾಡುತ್ತದೆ, ಅದರಿಂದ ನಿರೀಕ್ಷಿಸಬಹುದಾದ ಫಲವೇನು, ನಿರೀಕ್ಷಿಸಬಾರದ ಫಲವೇನು ಎಂಬುದನ್ನು ವಿಚಾರ ಮಾಡಿ ತಿಳಿಯುವುದು ಅವಶ್ಯಕ.

'ಯೋಗ' ಎಂಬ ಶಬ್ದವು 'ಯುಜ್' ಎಂಬ ಸಂಸ್ಕೃತ ಧಾತುವಿನಿಂದ ಬಂದುದು. ಕೂಡಿಸುವುದು, ಹೂಡುವುದು ಎಂಬುದು ಅದರ ಅರ್ಥ. ಪತಂಜಲಿ ಮಹರ್ಷಿಯು ಯೋಗಸೂತ್ರಗಳಲ್ಲಿ ಮನಸ್ಸಿನ ಚಂಚಲ ವ್ಯಾಪಾರಗಳನ್ನು ಶಮನಗೊಳಿಸುವುದನ್ನೇ ಯೋಗವೆಂದು ನಿರೂಪಿಸಿದ್ದಾನೆ. ಅದಕ್ಕೆ ಯಮ, ನಿಯಮ, ಆಸನ, ಪ್ರಾಣಾಯಾಮ, ಪ್ರತ್ಯಾಹಾರ, ಧಾರಣ, ಧ್ಯಾನ, ಸಮಾಧಿ ಎಂಬ ಎಂಟು ಅಂಗಗಳನ್ನು ಹೇಳಿದ್ದಾನೆ. ಇಂದು ಯೋಗವೆಂದೊಡನೆ ಜನರ ಕಣ್ಣ ಮುಂದೆ ನಿಲ್ಲುವುದು ಆಸನಗಳು. ಆದರೆ ಎಂಟು ಅಂಗಗಳಲ್ಲಿ ಆಸನವು ಮೂರನೆಯದು. ಅದಕ್ಕೂ ಮೊದಲು ಸತ್ಯ, ಅಹಿಂಸೆ, ಶೌಚ, ಸಂತೋಷ ಮೊದಲಾದ ನಡತೆಯ ನಿಯಮಗಳು ಬರುತ್ತವೆ. ಆಸನವೆಂದರೆ ಸ್ಥಿರವಾಗಿಯೂ ಸುಖವಾಗಿಯೂ ಇರಬೇಕೆಂಬುದು ಪತಂಜಲಿಯ ಅಭಿಪ್ರಾಯ. ಅಭ್ಯಾಸವು ದೀರ್ಘಕಾಲ, ಎಡೆಬಿಡದೆ, ಆದರದಿಂದ ನಡೆದಾಗ ಮಾತ್ರ ನೆಲೆಗೊಳ್ಳುತ್ತದೆಂದೂ ಆತನು ತಿಳಿಸಿದ್ದಾನೆ. ಯೋಗದ ಫಲವನ್ನು ಕುರಿತು ಆಲೋಚಿಸುವವರು ಈ ಮಾತನ್ನು ಮರೆಯಬಾರದು.

ಈ ವಿದ್ಯೆಯ ಆಧುನಿಕ ಚರಿತ್ರೆಯಲ್ಲಿ ಕನ್ನಡ ನಾಡಿಗೆ ಹಿರಿಯ ಸ್ಥಾನವಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸಿದ್ಧವಾದ 'ಶ್ರೀತತ್ತ್ವನಿಧಿ' ಎಂಬ ಗ್ರಂಥದಲ್ಲಿ 122 ಆಸನಗಳು ಚಿತ್ರಸಹಿತವಾಗಿ ನಿರೂಪಿತವಾಗಿವೆ. ಚಿತ್ರದುರ್ಗದ ಸೀಮೆಯ ಮುಚುಕುಂದಪುರದಲ್ಲಿ 1888ರಲ್ಲಿ ಜನಿಸಿದ ಕೃಷ್ಣಮಾಚಾರ್ಯರು 'ಯೋಗಮಕರಂದ' ಎಂಬ ಗ್ರಂಥವನ್ನು ಕನ್ನಡದಲ್ಲಿ ರಚಿಸಿದರು. ಅದು 1934ರಲ್ಲಿ ಪ್ರಕಟವಾಯಿತು. ಹಾಸನ ಜಿಲ್ಲೆಯ ಕೌಶಿಕದವರಾದ ಕೆ. ಪಟ್ಟಾಭಿ ಜೋಯಿಸರು ಅವರ ಮತ್ತೊಬ್ಬ ಪ್ರಸಿದ್ಧ ಶಿಷ್ಯರು. ಅವರು ಮೈಸೂರಿನಲ್ಲಿಯೇ ನೆಲಸಿ ಯೋಗವನ್ನು ಕಲಿಸಿದರು. ದೂರದೇಶಗಳ ವಿದ್ಯಾರ್ಥಿಗಳು ಅವರನ್ನು ಅರಸಿಕೊಂಡು ಬಂದರು. ಅಯ್ಯಂಗಾರ್ ಅವರು 1966ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ 'ಲೈಟ್ ಆನ್ ಯೋಗ' ಎಂಬ ಗ್ರಂಥವು ಜಗತ್ತಿನ ನಾನಾ ಭಾಷೆಗಳಿಗೆ ಅನುವಾದಗೊಂಡಿತು. ಹೀಗೆ ಮೈಸೂರಿನ ಒಂದು ಯೋಗಶಾಲೆಯಲ್ಲಿ ಕಲಿತವರಿಂದ ಈ ವಿದ್ಯೆಯು ದೇಶದೇಶಗಳಿಗೆ ಹರಡಿತು.

ಇನ್ನು ಯೋಗಾಭ್ಯಾಸವು ದೇಹದಲ್ಲಿ ಉಂಟುಮಾಡುವ ಪರಿಣಾಮಗಳನ್ನು ನೋಡಬಹುದು. ಮನುಷ್ಯನ ದೇಹವು ಚಲಿಸುವುದಕ್ಕಾಗಿ ರಚಿತವಾದುದು. ಹಿಂದೆ ಹೊಲದ ಕೆಲಸ, ನೀರು ಸೇದುವುದು, ಬೀಸುವುದು, ಕುಟ್ಟುವುದು, ದೂರದ ಊರಿಗೆ ನಡೆದು ಹೋಗುವುದು ಇವುಗಳಿಂದ ಅಂಗಾಂಗಗಳಿಗೆ ತಾನಾಗಿಯೇ ವ್ಯಾಯಾಮ ದೊರೆಯುತ್ತಿತ್ತು. ಇಂದು ಶಾಲೆ, ಕಚೇರಿ, ಕಾರ್ಖಾನೆಗಳಲ್ಲಿ ಜನರು ದಿನದ ಬಹುಭಾಗವನ್ನು ಕುಳಿತೇ ಕಳೆಯುತ್ತಾರೆ. ಬಿಡುವಿನ ವೇಳೆಯಲ್ಲಿಯೂ ಕತ್ತು ಬಗ್ಗಿಸಿ ದೂರವಾಣಿಯ ತೆರೆಯನ್ನು ನೋಡುತ್ತಿರುತ್ತಾರೆ. ಇದರಿಂದ ತೊಡೆಯ ಹಿಂಭಾಗದ ಸ್ನಾಯುಗಳು ಬಿಗಿದುಕೊಳ್ಳುತ್ತವೆ, ಬೆನ್ನು ಗೂನಾಗುತ್ತದೆ, ಭುಜಗಳು ಮುಂದಕ್ಕೆ ಬಾಗುತ್ತವೆ. ತಾಡಾಸನ, ತ್ರಿಕೋಣಾಸನ, ಭುಜಂಗಾಸನ, ಪಶ್ಚಿಮೋತ್ತಾನಾಸನ ಮೊದಲಾದವು ಬೆನ್ನೆಲುಬನ್ನು ಮುಂದಕ್ಕೆ, ಹಿಂದಕ್ಕೆ, ಪಕ್ಕಕ್ಕೆ ಬಾಗಿಸಿ, ದಿನವೆಲ್ಲ ಒಂದೇ ಭಂಗಿಯಲ್ಲಿದ್ದ ಸ್ನಾಯುಗಳನ್ನು ಹಿಗ್ಗಿಸುತ್ತವೆ.

ಕೀಲುಗಳಿಗೆ ಚಲನೆಯ ಅಗತ್ಯ ಇನ್ನೂ ಹೆಚ್ಚಿನದು. ಕೀಲುಗಳಲ್ಲಿ ಮೂಳೆಯ ತುದಿಗಳನ್ನು ಮೃದ್ವಸ್ಥಿಯ ನುಣುಪಾದ ಪದರವು ಹೊದ್ದಿರುತ್ತದೆ. ಈ ಪದರದಲ್ಲಿ ರಕ್ತನಾಳಗಳಿಲ್ಲ. ಕೀಲಿನ ಒಳಗಿರುವ ದ್ರವದಿಂದಲೇ ಅದು ಪೋಷಣೆಯನ್ನು ಪಡೆಯಬೇಕು. ಕೀಲು ಮಡಿಸಿ ಬಿಚ್ಚಿದಾಗ ಆ ದ್ರವವು ಎಲ್ಲೆಡೆ ಹರಡಿ, ಮೃದ್ವಸ್ಥಿಯೊಳಕ್ಕೆ ಇಳಿಯುತ್ತದೆ. ಬಹುಕಾಲ ಬಳಸದ ಬಾಗಿಲ ಕೀಲು ತುಕ್ಕು ಹಿಡಿಯುವಂತೆ, ಚಲಿಸದ ಕೀಲೂ ಬಿಗಿಯಾಗುವುದು ಸಹಜ. ವೃಕ್ಷಾಸನದಂತೆ ಒಂಟಿಕಾಲಿನ ಮೇಲೆ ನಿಲ್ಲುವ ಆಸನಗಳು ದೇಹದ ಸಮತೋಲನವನ್ನು ಬೆಳೆಸುತ್ತವೆ. ಎಳೆಯರಿಗೆ ಇದು ಆಟವೆನಿಸಬಹುದು. ಬಿದ್ದು ಮೂಳೆ ಮುರಿದುಕೊಳ್ಳುವ ಭಯವಿರುವ ವೃದ್ಧರಿಗೆ ಇದು ದೊಡ್ಡ ರಕ್ಷಣೆ.

ಬಹುಕಾಲದಿಂದ ಕಾಡುವ ಸೊಂಟನೋವಿನ ವಿಷಯದಲ್ಲಿ ಯೋಗದ ಉಪಯೋಗವನ್ನು ವೈದ್ಯವಿಜ್ಞಾನವೂ ಒಪ್ಪಿದೆ. ಅಮೆರಿಕದ ವೈದ್ಯರ ಕಾಲೇಜು 2017ರಲ್ಲಿ ಹೊರಡಿಸಿದ ಮಾರ್ಗದರ್ಶನದಲ್ಲಿ, ಇಂತಹ ನೋವಿಗೆ ಔಷಧಗಳಿಗಿಂತ ಮೊದಲು ಪ್ರಯತ್ನಿಸಬಹುದಾದ ಉಪಾಯಗಳಲ್ಲಿ ವ್ಯಾಯಾಮ ಮೊದಲಾದವುಗಳೊಡನೆ ಯೋಗವನ್ನೂ ಸೇರಿಸಿದೆ.

ಆಸನಗಳ ತರುವಾಯ ಪ್ರಾಣಾಯಾಮ. ಉಸಿರಾಟವು ದೇಹದ ವ್ಯಾಪಾರಗಳಲ್ಲಿ ವಿಲಕ್ಷಣವಾದುದು. ಹೃದಯದ ಬಡಿತ, ಆಹಾರದ ಜೀರ್ಣ ಮುಂತಾದುವು ನಮ್ಮ ಇಚ್ಛೆಗೆ ಒಳಪಟ್ಟಿಲ್ಲ. ಕೈಕಾಲುಗಳ ಚಲನೆ ಇಚ್ಛೆಗೆ ಒಳಪಟ್ಟಿದೆ. ಉಸಿರಾಟವಾದರೋ ತಾನಾಗಿಯೂ ನಡೆಯುತ್ತದೆ, ಬೇಕೆಂದಾಗ ಇಚ್ಛೆಯಂತೆಯೂ ನಡೆಯುತ್ತದೆ. ಆದ್ದರಿಂದಲೇ ದೇಹದ ಒಳವ್ಯಾಪಾರಗಳನ್ನು ಪ್ರವೇಶಿಸಲು ಅದು ಬಾಗಿಲಿನಂತಿದೆ.

ವಿಶ್ರಾಂತಿಯಲ್ಲಿರುವ ವಯಸ್ಕನು ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಸಲ ಉಸಿರಾಡುತ್ತಾನೆ. ಒಂದು ಸಲಕ್ಕೆ ಒಳಹೋಗುವ ಗಾಳಿ ಸುಮಾರು 500 ಮಿಲಿಲೀಟರ್. ಇದರಲ್ಲಿ ಸುಮಾರು 150 ಮಿಲಿಲೀಟರ್ ಗಾಳಿಯು ಮೂಗು, ಗಂಟಲು, ಶ್ವಾಸನಾಳಗಳಲ್ಲಿಯೇ ಉಳಿದು, ಶ್ವಾಸಕೋಶದ ಗಾಳಿಗೂಡುಗಳನ್ನು ಮುಟ್ಟದೆ ಹಿಂತಿರುಗುತ್ತದೆ. ಹೀಗೆ ನಿಮಿಷಕ್ಕೆ 7,500 ಮಿಲಿಲೀಟರ್ ಗಾಳಿಯನ್ನು ಎಳೆದುಕೊಂಡರೂ 2,250 ಮಿಲಿಲೀಟರ್ ವ್ಯರ್ಥವಾಗುತ್ತದೆ. ಅದೇ ವ್ಯಕ್ತಿಯು ನಿಮಿಷಕ್ಕೆ 6 ಸಲ ಮಾತ್ರ, ಒಂದೊಂದು ಸಲವೂ 1,250 ಮಿಲಿಲೀಟರಿನಂತೆ ಆಳವಾಗಿ ಉಸಿರಾಡಿದನೆನ್ನೋಣ. ಆಗಲೂ ಒಟ್ಟು ಗಾಳಿ 7,500 ಮಿಲಿಲೀಟರೇ; ಆದರೆ ವ್ಯರ್ಥವಾಗುವುದು 900 ಮಿಲಿಲೀಟರ್ ಮಾತ್ರ. ನಿಧಾನವಾದ ಆಳ ಉಸಿರಾಟದಲ್ಲಿ ಅದೇ ಗಾಳಿಯಿಂದ ಹೆಚ್ಚಿನ ಪ್ರಯೋಜನವಾಗುವುದೆಂಬುದು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ. ಇಂತಹ ಉಸಿರಾಟದಲ್ಲಿ ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ವಪೆಯೆಂಬ ಸ್ನಾಯು ಚೆನ್ನಾಗಿ ಕೆಳಕ್ಕೆ ಇಳಿಯುತ್ತದೆ. ಶ್ವಾಸಕೋಶಗಳ ಕೆಳಭಾಗವೂ ಗಾಳಿಯಿಂದ ತುಂಬುತ್ತದೆ.

ಪ್ರಾಣಾಯಾಮದಿಂದ ರಕ್ತಕ್ಕೆ ಅಪಾರವಾದ ಆಮ್ಲಜನಕ ಸೇರುತ್ತದೆಂದು ಕೆಲವರು ಹೇಳುವುದುಂಟು. ಆರೋಗ್ಯವಂತನ ರಕ್ತದಲ್ಲಿ ಆಮ್ಲಜನಕವು ಮೊದಲೇ ತುಂಬಿರುವುದರಿಂದ ಈ ಮಾತು ಅಷ್ಟಾಗಿ ಸರಿಯಲ್ಲ. ಅದರ ಮುಖ್ಯವಾದ ಪರಿಣಾಮ ಉಂಟಾಗುವುದು ನರಮಂಡಲದ ಮೇಲೆ. ದೇಹದ ಒಳವ್ಯಾಪಾರಗಳನ್ನು ನಡೆಸುವ ನರಗಳಲ್ಲಿ ಎರಡು ಪಂಗಡಗಳಿವೆ. ಒಂದು ಅಪಾಯದ ಸಮಯದಲ್ಲಿ ದೇಹವನ್ನು ಹುರಿದುಂಬಿಸುತ್ತದೆ. ಆಗ ಅಡ್ರಿನಲಿನ್ ರಸವು ಸ್ರವಿಸಿ, ಹೃದಯವು ವೇಗವಾಗಿ ಬಡಿಯುತ್ತದೆ, ರಕ್ತದ ಒತ್ತಡ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಇನ್ನೊಂದು ಪಂಗಡವು ಅಪಾಯ ಕಳೆದ ಮೇಲೆ ದೇಹವನ್ನು ಶಾಂತಗೊಳಿಸಿ, ಜೀರ್ಣಕ್ರಿಯೆ ಮತ್ತು ವಿಶ್ರಾಂತಿಗೆ ಎಡೆ ಮಾಡಿಕೊಡುತ್ತದೆ. ಇದರಲ್ಲಿ ಮಿದುಳಿನಿಂದ ಹೊರಟು ಹೃದಯ, ಶ್ವಾಸಕೋಶ, ಜಠರಗಳವರೆಗೆ ಇಳಿಯುವ ವೇಗಸ್ ನರವು ಪ್ರಧಾನವಾದುದು.

ಉಸಿರನ್ನು ಒಳಗೆಳೆದುಕೊಂಡಾಗ ಹೃದಯದ ಬಡಿತ ತುಸು ಹೆಚ್ಚುತ್ತದೆ, ಹೊರಬಿಟ್ಟಾಗ ತುಸು ಇಳಿಯುತ್ತದೆ. ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟು ನಿಧಾನವಾಗಿ ಉಸಿರಾಡಿದರೆ ವಿದ್ಯಾರ್ಥಿಗಳು ಇದನ್ನು ಸ್ವತಃ ಕಂಡುಕೊಳ್ಳಬಹುದು. ನಿಶ್ವಾಸವನ್ನು ದೀರ್ಘವಾಗಿಸಿದಾಗ ವೇಗಸ್ ನರದ ಪ್ರಭಾವ ಹೆಚ್ಚುತ್ತದೆ, ಹೃದಯ ಶಾಂತವಾಗುತ್ತದೆ. ನಿಮಿಷಕ್ಕೆ ಸುಮಾರು 6 ಸಲ ಉಸಿರಾಡುವಾಗ ಉಸಿರಾಟದ ಲಯವೂ ರಕ್ತದ ಒತ್ತಡವನ್ನು ಸರಿದೂಗಿಸುವ ವ್ಯವಸ್ಥೆಯ ಲಯವೂ ಹೊಂದಿಕೊಳ್ಳುತ್ತವೆಂದು ಪರೀಕ್ಷೆಗಳಿಂದ ತಿಳಿದುಬಂದಿದೆ. ಕ್ರಮವಾಗಿ ಯೋಗಾಭ್ಯಾಸ ಮಾಡುವವರಲ್ಲಿ ರಕ್ತದ ಒತ್ತಡವು ಅಲ್ಪ ಪ್ರಮಾಣದಲ್ಲಿ ಇಳಿಯುತ್ತದೆಂಬುದನ್ನೂ ಅನೇಕ ಸಂಶೋಧನೆಗಳು ತೋರಿಸಿವೆ.

ದೇಹ ಮತ್ತು ಮನಸ್ಸು ಎರಡು ಬೇರೆ ಬೇರೆ ಮನೆಗಳಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ರೆ ಬಾರದೆ ಹೊರಳಾಡುವ ವಿದ್ಯಾರ್ಥಿಯ ಎದುರಿನಲ್ಲಿ ಹುಲಿಯೇನೂ ನಿಂತಿರುವುದಿಲ್ಲ. ಆದರೆ ಅವನ ಹೃದಯ ಹುಲಿಯನ್ನು ಕಂಡಂತೆಯೇ ಬಡಿಯುತ್ತದೆ; ಅಂಗೈ ಬೆವರುತ್ತದೆ; ಹೊಟ್ಟೆಯಲ್ಲಿ ತಳಮಳವಾಗುತ್ತದೆ. ಮನಸ್ಸಿನ ಚಿಂತೆಯು ದೇಹವನ್ನು ಹುರಿದುಂಬಿಸುವ ನರಗಳನ್ನು ಎಬ್ಬಿಸಿರುತ್ತದೆ. ಹುಲಿಯಾದರೆ ಸ್ವಲ್ಪ ಹೊತ್ತಿಗೆ ದೂರವಾದೀತು. ಚಿಂತೆಯು ತಿಂಗಳುಗಟ್ಟಲೆ ಕಾಡುತ್ತದೆ. ಹೀಗೆ ದೀರ್ಘಕಾಲ ಉದ್ವೇಗದಲ್ಲಿರುವ ದೇಹದಲ್ಲಿ ಕಾರ್ಟಿಸಾಲ್ ಎಂಬ ರಸವು ಹೆಚ್ಚಾಗಿ ಸ್ರವಿಸಿ, ನಿದ್ರೆ, ಜ್ಞಾಪಕಶಕ್ತಿ, ರೋಗನಿರೋಧಶಕ್ತಿಗಳಿಗೆ ಹಾನಿಯುಂಟಾಗುತ್ತದೆ. 'ಹೆದರಬೇಡ' ಎಂದು ಮನಸ್ಸಿಗೆ ಎಷ್ಟು ಹೇಳಿದರೂ ಅದು ಕೇಳುವುದಿಲ್ಲ. ಉಸಿರನ್ನು ನಿಧಾನಗೊಳಿಸಿದರೆ, ಬಿಗಿದ ಸ್ನಾಯುಗಳನ್ನು ಸಡಿಲಿಸಿದರೆ, ದೇಹದ ಮೂಲಕ ಆ ಮಾತು ಮನಸ್ಸನ್ನು ಮುಟ್ಟುತ್ತದೆ.

ಧ್ಯಾನದ ಅಭ್ಯಾಸವು ಇದನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯುತ್ತದೆ. ಕಣ್ಣು ಮುಚ್ಚಿ ಉಸಿರಿನ ಮೇಲೆ ಗಮನವಿಟ್ಟು ಕುಳಿತವನ ಮನಸ್ಸು ಕ್ಷಣಮಾತ್ರದಲ್ಲಿ ಬೇರೆಡೆಗೆ ಓಡುತ್ತದೆ. ತನಗೆ ಧ್ಯಾನ ಸಾಧ್ಯವಿಲ್ಲವೆಂದು ಎಷ್ಟೋ ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಓಡಿದ ಮನಸ್ಸನ್ನು ಗಮನಿಸಿ, ಬೇಸರಿಸದೆ, ಮತ್ತೆ ಉಸಿರಿನತ್ತ ಕರೆತರುವುದೇ ಅಭ್ಯಾಸ. ಮೇಯಲು ಬಿಟ್ಟ ಕರುವನ್ನು ಹತ್ತು ಸಲ ಕೊಟ್ಟಿಗೆಗೆ ತಂದರೆ ಹನ್ನೊಂದನೆಯ ಸಲ ಅದು ತಾನಾಗಿಯೇ ಬರುವಂತೆ, ಕಾಲಕ್ರಮದಲ್ಲಿ ಮನಸ್ಸೂ ನೆಲೆಗೆ ಹಿಂತಿರುಗುವುದನ್ನು ಕಲಿಯುತ್ತದೆ. ಓದಿನಲ್ಲಿ ಗಮನ ನಿಲ್ಲದ ವಿದ್ಯಾರ್ಥಿಗೂ, ಸಣ್ಣ ಮಾತಿಗೆ ಸಿಡುಕುವ ವ್ಯಕ್ತಿಗೂ ಈ ಶಿಕ್ಷಣವು ಉಪಕಾರಿ. ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ನಿಮ್ಹಾನ್ಸ್‌ನಲ್ಲಿ, ಖಿನ್ನತೆ ಮೊದಲಾದ ಮಾನಸಿಕ ವ್ಯಾಧಿಗಳಿಗೆ ವೈದ್ಯಕೀಯ ಚಿಕಿತ್ಸೆಯೊಡನೆ ಯೋಗವನ್ನು ಬಳಸುವ ಬಗೆಯನ್ನು ಕುರಿತು ಸಂಶೋಧನೆಗಳು ನಡೆದಿವೆ.

ಯೋಗದ ವಿಷಯದಲ್ಲಿ ವೈಜ್ಞಾನಿಕ ಪರಿಶೀಲನೆ ಹೊಸದೇನೂ ಅಲ್ಲ. ಸ್ವಾಮಿ ಕುವಲಯಾನಂದರು 1924ರಲ್ಲಿಯೇ ಮಹಾರಾಷ್ಟ್ರದ ಲೋಣಾವಳದಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿ, ಯೋಗಕ್ರಿಯೆಗಳನ್ನು ಉಪಕರಣಗಳ ಸಹಾಯದಿಂದ ಪರೀಕ್ಷಿಸತೊಡಗಿದರು. ಇಂತಹ ಪರೀಕ್ಷೆಗಳಲ್ಲಿ ಒಂದು ವಿಶೇಷ ಬೋಧಪ್ರದವಾದುದು. ಕೆಲವು ಯೋಗಿಗಳು ತಮ್ಮ ಹೃದಯವನ್ನು ನಿಲ್ಲಿಸಬಲ್ಲರೆಂಬ ಪ್ರತೀತಿಯಿತ್ತು. ವೆಂಗರ್, ಬಾಗ್ಚಿ, ಆನಂದ್ ಎಂಬ ಮೂವರು ವಿಜ್ಞಾನಿಗಳು ಭಾರತದಲ್ಲಿ ಇದನ್ನು ಪರೀಕ್ಷಿಸಿ 1961ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಉಸಿರನ್ನು ಬಿಗಿಹಿಡಿದು ಎದೆಯ ಸ್ನಾಯುಗಳನ್ನು ಒತ್ತಿದಾಗ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ನಾಡಿಯು ಕೈಗೆ ಸಿಗುತ್ತಿರಲಿಲ್ಲ. ಎದೆಯ ಸದ್ದೂ ಕೇಳುತ್ತಿರಲಿಲ್ಲ. ಆದರೆ ಹೃದಯದ ವಿದ್ಯುತ್ ಅಲೆಗಳನ್ನು ಗುರುತಿಸುವ ಯಂತ್ರವು ಹೃದಯ ಬಡಿಯುತ್ತಲೇ ಇತ್ತೆಂಬುದನ್ನು ತೋರಿಸಿತು. ಹೃದಯ ನಿಲ್ಲದಿದ್ದುದರಿಂದ ಯೋಗದ ಬೆಲೆ ಕುಗ್ಗಲಿಲ್ಲ. ಚಮತ್ಕಾರಕ್ಕಿಂತ ಹೆಚ್ಚು ಉಪಯುಕ್ತವಾದುದು ಮೆಲ್ಲಮೆಲ್ಲನೆ ದೊರೆಯುವ ಸಾಮಾನ್ಯ ಫಲ. ಸತ್ಯವನ್ನು ಯಮಗಳಲ್ಲಿ ಸೇರಿಸಿದ ವಿದ್ಯೆಗೆ ಪರೀಕ್ಷೆಯ ಭಯವಿರಬೇಕಾಗಿಲ್ಲ.

ಆದ್ದರಿಂದ ಯೋಗವು ಸಕಲ ರೋಗಗಳನ್ನೂ ಗುಣಪಡಿಸುತ್ತದೆಂದು ಹೇಳುವವರ ಮಾತನ್ನು ಕುರುಡಾಗಿ ನಂಬಬಾರದು. ಮಧುಮೇಹದ ರೋಗಿಯು ವೈದ್ಯರು ಹೇಳಿದ ಇನ್ಸುಲಿನ್ನನ್ನಾಗಲಿ, ಮೂರ್ಛೆರೋಗಿಯು ಮಾತ್ರೆಯನ್ನಾಗಲಿ ಯೋಗದ ಭರವಸೆಯ ಮೇಲೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಶೀರ್ಷಾಸನದಲ್ಲಿ ಕಣ್ಣಿನ ಒಳಗಿನ ಒತ್ತಡ ಏರುವುದರಿಂದ ಗ್ಲಾಕೋಮ ಇರುವವರು ಅದನ್ನು ಮಾಡಬಾರದು. ಹೆಚ್ಚಿನ ರಕ್ತದೊತ್ತಡವಿರುವವರೂ ಗರ್ಭಿಣಿಯರೂ ಕಪಾಲಭಾತಿ, ಭಸ್ತ್ರಿಕಾ ಮೊದಲಾದ ರಭಸದ ಕ್ರಿಯೆಗಳನ್ನು ವರ್ಜಿಸಬೇಕು. ಬೆಳೆಯುವ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಓಟ, ಈಜು, ಕಬಡ್ಡಿ, ಖೋಖೋಗಳಿಂದ ದೊರೆಯುವ ಲಾಭವನ್ನು ಆಸನಗಳು ಪೂರ್ಣವಾಗಿ ತುಂಬಲಾರವು. ಆಟವೂ ಇರಲಿ, ಯೋಗವೂ ಇರಲಿ.

ಅಭ್ಯಾಸಕ್ಕೆ ಹೆಚ್ಚಿನ ಸಲಕರಣೆಗಳು ಬೇಕಾಗಿಲ್ಲ. ಗಾಳಿ ಬೆಳಕುಗಳಿರುವ ಒಂದಿಷ್ಟು ಜಾಗ, ಸಮತಟ್ಟಾದ ನೆಲ, ಅದರ ಮೇಲೆ ಹಾಸಲು ಒಂದು ಜಮಖಾನ ಸಾಕು. ಪ್ರಾತಃಕಾಲವು ಪ್ರಶಸ್ತವಾದುದು. ಊಟವಾಗಿ ಮೂರು ನಾಲ್ಕು ಗಂಟೆಗಳಾದರೂ ಕಳೆದಿರಬೇಕು. ಮೊದಲು ಬಲ್ಲವರಿಂದ ಕಲಿಯಬೇಕು. ಚಿತ್ರಗಳನ್ನು ನೋಡಿ ಕಠಿಣವಾದ ಆಸನಗಳಿಗೆ ಕೈಹಾಕಬಾರದು. ನೋವಾಗುವವರೆಗೆ ದೇಹವನ್ನು ಎಳೆಯಬಾರದು, ನೆರೆಯವನೊಡನೆ ಸ್ಪರ್ಧಿಸಲೂಬಾರದು. ಬಾಗಲಾರದ ದೇಹಗಳಿಗೆ ಅಯ್ಯಂಗಾರ್ ಅವರು ಮರದ ದಿಮ್ಮಿ, ಪಟ್ಟಿ, ಹಗ್ಗ, ಕುರ್ಚಿಗಳ ಆಸರೆಯನ್ನು ಒದಗಿಸಿ, ವೃದ್ಧರೂ ರೋಗಿಗಳೂ ಆಸನಗಳನ್ನು ಮಾಡುವಂತೆ ಅನುಕೂಲ ಕಲ್ಪಿಸಿದರು. ಬಾಲ್ಯದಲ್ಲಿ ತಮ್ಮ ದೇಹವೇ ಬಾಗದಿದ್ದುದರ ನೆನಪು ಅವರಿಗೆ ಬಾಗದವರ ಕಷ್ಟವನ್ನು ತಿಳಿಸಿಕೊಟ್ಟಿದ್ದಿರಬಹುದು. ಕೊನೆಯಲ್ಲಿ ಶವಾಸನದಲ್ಲಿ ಮಲಗಿ ದೇಹವನ್ನು ಸಂಪೂರ್ಣವಾಗಿ ಸಡಿಲಗೊಳಿಸುವುದನ್ನು ತಪ್ಪಿಸಬಾರದು. ಆಹಾರ, ವಿಹಾರ, ನಿದ್ರೆಗಳಲ್ಲಿ ಮಿತಿಯಿಲ್ಲದವನಿಗೆ ಯೋಗವು ಸಿದ್ಧಿಸದೆಂಬ ಗೀತೆಯ ಆಶಯವನ್ನೂ ನೆನಪಿನಲ್ಲಿಡಬೇಕು.

ವಿಶ್ವಸಂಸ್ಥೆಯು 2014ರ ಡಿಸೆಂಬರ್ 11ರಂದು ಜೂನ್ 21ನ್ನು ಅಂತರರಾಷ್ಟ್ರೀಯ ಯೋಗ ದಿನವೆಂದು ಘೋಷಿಸಿತು. 2015ರಿಂದ ಪ್ರತಿವರ್ಷವೂ ಆ ದಿನ ಲಕ್ಷಾಂತರ ಜನರು ಒಟ್ಟುಗೂಡಿ ಯೋಗಾಭ್ಯಾಸ ಮಾಡುತ್ತಾರೆ. ಭಾರತದ ಈ ವಿದ್ಯೆಗೆ ದೊರೆತ ಮನ್ನಣೆ ಸಂತೋಷವನ್ನುಂಟುಮಾಡುವಂತಹುದು. ಆದರೆ ವರ್ಷಕ್ಕೊಂದು ದಿನ ಮಾಡಿದ ಆಸನದಿಂದ ಕೀಲು ಸಡಿಲವಾಗದು, ಉಸಿರು ನಿಧಾನವಾಗದು, ಮನಸ್ಸು ನೆಲೆಗೊಳ್ಳದು. ದಿನಕ್ಕೆ ಅರ್ಧ ಗಂಟೆಯ ಅಭ್ಯಾಸವಾದರೂ ಸರಿಯೇ, ಅದು ಸ್ನಾನದಂತೆ, ಊಟದಂತೆ ನಿತ್ಯದ ಕೆಲಸವಾಗಬೇಕು. ಮೊಣಕಾಲಿನಿಂದ ಕೆಳಕ್ಕೆ ಇಳಿಯದಿದ್ದ ಕೈಗಳು ನೆಲವನ್ನು ಮುಟ್ಟುವುದಕ್ಕೆ ಬೆಳ್ಳೂರಿನ ಆ ಬಾಲಕನಿಗೂ ಬಹಳ ದಿನಗಳು ಬೇಕಾದವು. ಆರೋಗ್ಯವನ್ನು ಬಯಸುವವರು ಇಂದೇ ಆರಂಭಿಸಿ, ನಾಳೆಯೂ ಬಿಡದಿರುವುದು ಲೇಸು.